ತುಲೂಜ್‌ನಲ್ಲಿ ಊಟ ಹೇಳುವಷ್ಟು ಫ್ರೆಂಚ್: ಆರು ವಾರ ಆಯ್ತು

ಬೆಂಗಳೂರಿನಿಂದ ಫ್ರಾನ್ಸಿನ ತುಲೂಜ್‌ಗೆ ಬಂದಿದ್ದು ವಿಮಾನದ ಸಾಫ್ಟ್‌ವೇರ್ ಕೆಲಸಕ್ಕೆ. ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಹೊರಗೆ ಊಟಕ್ಕೆ ಹೋದರೆ ಸಾಲದು. ಅದಕ್ಕೇ ಊಟದ ಫ್ರೆಂಚ್ ಮೊದಲು ಕಲಿಯೋಣ ಅಂತ ಹೊರಟೆ.

1–2ನೇ ವಾರ

ಪದಗಳ ಗೊಂದಲ ಬಿಡಿಸಿಕೊಂಡೆ. ನಾವು ಮೆನು ಅನ್ನುವುದು ಇಲ್ಲಿ 'ಕಾರ್ತ್'. ಇವರ 'ಮನ್ಯು' ಅಂದರೆ ಒಂದೇ ಬೆಲೆಗೆ ಎರಡು ಮೂರು ಬಗೆ ಸೇರಿದ ಊಟ. 'ಆಂತ್ರೇ' ಮೊದಲು ಬರುವುದು, 'ಪ್ಲಾ' ಮುಖ್ಯವಾದದ್ದು. 'ಉನ್ ಕಾರಾಫ್ ದೋ' ಅಂದರೆ ಹೂಜಿಯಲ್ಲಿ ನಲ್ಲಿ ನೀರು ತಂದಿಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಏನೇ ಕೇಳುವ ಮುಂಚೆ 'ಬೋಂಜೂರ್' (ನಮಸ್ಕಾರ) ಅನ್ನಲೇಬೇಕು. 'ತ್ಯು', 'ವು' ಅಂದರೆ ನಮ್ಮ ನೀನು, ನೀವು. ಅದನ್ನು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

3ನೇ ವಾರ

'ಸಾಂ ವಿಯಾಂದ್', ಅಂದರೆ ಮಾಂಸ ಬೇಡ, ಅಂತ ಹೇಳಿ ಆಡಿನ ಚೀಸಿನ ಬಿಸಿ ಸಲಾಡ್ ತರಿಸಿದೆ. ಎಲೆ ಸರಿಸಿದರೆ ಕೆಳಗೆ ಉಗುರಿನಷ್ಟು ಗುಲಾಬಿ ತುಂಡುಗಳು. ಹಂದಿಮಾಂಸ. ತಟ್ಟೆ ಪಕ್ಕಕ್ಕಿಟ್ಟೆ, ಕಣ್ಣಲ್ಲಿ ನೀರು ಬಂತು. ಆಮೇಲೆ ಸಹೋದ್ಯೋಗಿಯೊಬ್ಬರು ಬಿಡಿಸಿ ಹೇಳಿದರು: 'ವಿಯಾಂದ್' ಅಂದಾಗ ಕೆಲವರ ಮನಸ್ಸಿಗೆ ಬರುವುದು ದೊಡ್ಡ ತುಂಡಿನ ಮಾಂಸ ಮಾತ್ರ. ಈ ಚೂರುಗಳಿಗೆ 'ಲಾರ್ದೋಂ' ಅಂತ ಬೇರೆ ಹೆಸರೇ ಇದೆ. ಈಗ ಒಂದೊಂದನ್ನೂ ಹೆಸರಿಟ್ಟು ಹೇಳುತ್ತೇನೆ: ಲಾರ್ದೋಂ ಬೇಡ, ಜಾಂಬೋಂ (ಹಂದಿ ತೊಡೆಯ ಮಾಂಸ) ಬೇಡ, ಪ್ವಾಸೋಂ (ಮೀನು) ಬೇಡ. ಈರುಳ್ಳಿ ಸೂಪ್‌ನಲ್ಲೂ ಸಾಮಾನ್ಯವಾಗಿ ದನದ ಮಾಂಸ ಬೇಯಿಸಿದ ನೀರು ಇರುತ್ತದೆ, ಕೇಳದೆ ತರಿಸಬೇಡಿ. ಇನ್ನೊಂದು: ಸಸ್ಯಾಹಾರಿ ಅನ್ನೋಕೆ ಗಂಡಸು 'ವೆಜೆತಾರಿಯಾಂ', ಹೆಂಗಸು 'ವೆಜೆತಾರಿಯೆನ್'.

4–5ನೇ ವಾರ

ಹೇಳೋದು ಬಂತು, ಕೇಳಿಸಿಕೊಳ್ಳೋದು ಬರಲಿಲ್ಲ. ನಾನು ಕಲಿತ ರೆಕಾರ್ಡಿಂಗ್‌ಗಳಲ್ಲಿ ಇರೋದು ಪ್ಯಾರಿಸ್ ಕಡೆಯ ಉಚ್ಚಾರಣೆ. ಇದು ದಕ್ಷಿಣದ ಊರು. ಅಲ್ಲಿ ಮೂಗಲ್ಲೇ ಕರಗಿಹೋಗುವ 'ಪ್ಯಾಂ' (ಬ್ರೆಡ್), ಇಲ್ಲಿ ಹಳಬರ ಬಾಯಲ್ಲಿ 'ಪ್ಯಾಂಗ್'. ಅಲ್ಲಿ ನುಂಗಿಬಿಡುವ ಕೊನೆಯ ಸ್ವರವನ್ನು ಇವರು ಬಾಯ್ತುಂಬ ಹೇಳುತ್ತಾರೆ. ಪ್ಯಾರಿಸ್‌ನವರು 'ಪ್ಯಾಂ ಓ ಶೊಕೊಲಾ' ಅನ್ನುವ ತಿಂಡಿಗೆ ಇಲ್ಲಿ ಹೆಸರೇ ಬೇರೆ, 'ಶೊಕೊಲಾತೀನ್'. ಬೇಕರಿಯ ಅಜ್ಜಿ ಅದನ್ನು 'ಶೊಕೊಲಾತೀನ' ಅಂತ ಎಳೆದಾಗ ನನಗೆ ಎಷ್ಟು ಹಿತವಾಯ್ತು! ಬಸ್ಸು, ಕಾರು ಅಂತ ಕೊನೆಗೊಂದು ಸ್ವರ ಸೇರಿಸುವ ನಾಲಿಗೆ ನಮ್ಮದು. ದಿನಾ ಬೆಳಿಗ್ಗೆ ಸುಮ್ನೆ ಆ ಬೇಕರಿಯ ಸಾಲಲ್ಲಿ ನಿಂತು ಮುಂದಿನವರ ಮಾತು ಕೇಳಿಸಿಕೊಂಡೆ. ಎಲ್ಲಕ್ಕಿಂತ ಜಾಸ್ತಿ ಕಲಿತಿದ್ದು ಅಲ್ಲೇ.

ಬೆಲೆ ಮಾತ್ರ ಇನ್ನೂ ಕಷ್ಟ. 90 ಅಂದರೆ ಇವರಿಗೆ 'ನಾಲ್ಕು ಇಪ್ಪತ್ತು, ಹತ್ತು'.

6ನೇ ವಾರ

ಶನಿವಾರ ಒಬ್ಬಳೇ ಹೋಗಿ ಅಣಬೆ ಆಮ್ಲೆಟ್ ಹೇಳಿದೆ. 'ಸಾಲಾದ್ ಊ ಫ್ರೀತ್?' ಅಂದರು ಬಡಿಸುವವರು. ಸಲಾಡಾ, ಆಲೂಗಡ್ಡೆ ಫ್ರೈಸಾ ಅಂತ. ಒಂದೇ ಸಲಕ್ಕೆ ತಿಳಿಯಿತು. ಲಾರ್ದೋಂ ಬಗ್ಗೆ ಕೇಳಿದೆ. ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ಇಲ್ಲ ಅಂತ ಹೇಳಿದರು. ಅರ್ಧ ಊಟ ಆಗಿರಬೇಕು, ಬುಟ್ಟಿ ಹಿಡಿದು ಮತ್ತೆ ಬಂದರು: 'ಆಂಕೋರ್ ದ್ಯು ಪ್ಯಾಂಗ್?'

ಇನ್ನೆರಡು ತುಂಡು ತೆಗೆದುಕೊಂಡೆ.