ಮೈಲೇಜ್ ಲೆಕ್ಕ

ಪೆಟ್ರೋಲ್ ಬೆಲೆ ಹೀಗೆ ಏರುತ್ತಿರುವಾಗ ಕಾರು ಹುಡುಕುತ್ತಿದ್ದೇನೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮೈಲೇಜ್ ಎಷ್ಟು ಕೊಡುತ್ತೆ? ಕೇಳಲೇಬೇಕು ನಿಜ. ಆದರೆ ಕಾಗದ ಪೆನ್ನು ಹಿಡಿದು ಕೂತರೆ ಲೆಕ್ಕ ಬೇರೆಯೇ ಹೇಳುತ್ತೆ.

ಲೀಟರಿಗೆ 10 ಕಿ.ಮೀ. ಓಡುವ ಕಾರು ಬಿಟ್ಟು 15 ಓಡುವುದಕ್ಕೆ ಬಂದರೆ 1000 ಕಿಲೋಮೀಟರಿಗೆ ಸುಮಾರು 33 ಲೀಟರ್ ಉಳಿಯುತ್ತೆ. 15ರಿಂದ 20ಕ್ಕೆ ಹೋದರೆ ಉಳಿಯೋದು 17 ಲೀಟರಿನಷ್ಟು. 20ರಿಂದ 25ಕ್ಕೆ ಬರೀ 10. ಆ ಕೊನೆಯ ಐದು ಕಿಲೋಮೀಟರಿಗೋಸ್ಕರ ಕಾರಿನ ಬೆಲೆಯಲ್ಲೇ ದೊಡ್ಡ ಮೊತ್ತ ಸುರಿಯೋದು, ಅದರಲ್ಲೂ ಕಡಿಮೆ ಓಡಿಸುವವರಿಗೆ, ಗಿಟ್ಟುವ ಮಾತಲ್ಲ. ಸಾಲ ಮಾಡಿ ಕೊಳ್ಳುವವರು ಬಡ್ಡಿಯನ್ನೂ ಇದರ ಪಕ್ಕದಲ್ಲೇ ಬರೆದು ನೋಡಲಿ ಅಂತ ನನ್ನ ಆಸೆ.

ಓಡಿಸುವ ರಸ್ತೆಯೂ ಮುಖ್ಯ. ದಿನವೂ ಸಿಗ್ನಲ್, ಜಾಮ್ ನಡುವೆ ನಿಂತು ನಿಂತು ಹೋಗುವವರಿಗೆ ಹೈಬ್ರಿಡ್ (ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಕಾರು) ನಿಜಕ್ಕೂ ಉಪಕಾರಿ. ಬ್ರೇಕ್ ಒತ್ತಿದಾಗ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯಲ್ಲಿ ಒಂದಷ್ಟು ಬ್ಯಾಟರಿಗೆ ವಾಪಸ್ ಹೋಗುತ್ತೆ. ಹೈವೇಯಲ್ಲೇ ಓಡುವವರಿಗೆ ಆ ಲಾಭ ಕಡಿಮೆ. ಅಲ್ಲಿ ಇಂಧನ ತಿನ್ನೋದು ಗಾಳಿ: ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಎತ್ತರದ, ಭಾರದ ಗಾಡಿಗಳ ಟ್ಯಾಂಕ್ ಬೇಗ ಖಾಲಿಯಾಗೋದರಲ್ಲಿ ಆಶ್ಚರ್ಯವಿಲ್ಲ.

ನಾನಂತೂ ಸಣ್ಣ, ಹಗುರವಾದ ಹ್ಯಾಚ್‌ಬ್ಯಾಕ್ ಕಡೆಗೇ ವಾಲಿದ್ದೇನೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಸರ್ವಿಸ್ ದಾಖಲೆ ಮಾತ್ರ ಪೂರ್ತಿ ಇರಬೇಕು.