402ರಲ್ಲಿ 178 ಕಳೆದರೆ 376

ಮಗಳ ಬೇಸಿಗೆ ತರಗತಿ ಶುರುವಾಗಿ ಎಂಟನೇ ದಿನ. ಮನೆಯಲ್ಲಿ ಮಾಡಿ ತರಲು ಕೊಟ್ಟಿದ್ದ ಹಾಳೆಯಲ್ಲಿ ಹತ್ತು ಕಳೆಯುವ ಲೆಕ್ಕ ಇದ್ದವು. ಆರು ಸರಿ, ನಾಲ್ಕು ತಪ್ಪು. ಆ ನಾಲ್ಕರಲ್ಲಿ ಒಂದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. 402ರಲ್ಲಿ 178 ಕಳೆದರೆ 376. ದುಂಡಗೆ ಬರೆದು, ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಬೇರೆ ಎಳೆದಿದ್ದಳು.

ನಾನು ಆಗಷ್ಟೇ ಆಫೀಸಿನಿಂದ ಬಂದಿದ್ದೆ. ಹಾಳೆ ನೋಡಿದವನೇ, "ಇದೇನು ಪುಟ್ಟಿ ಇದು? ಮೂರನೇ ಕ್ಲಾಸ್ ಮುಗಿಸಿದ್ದೀಯ, ಸಾಲ ತಗೊಳ್ಳೋದೂ ಬರಲ್ವಾ?" ಅಂದೆ. ಅವಳು ಏನೂ ಹೇಳಲಿಲ್ಲ. ರಬ್ಬರ್ ತೆಗೆದುಕೊಂಡು 376 ಅನ್ನು ಉಜ್ಜತೊಡಗಿದಳು. ಗೆರೆಯೂ ಹೋಯಿತು, ಹಾಳೆಯೂ ತೆಳ್ಳಗಾಯಿತು. ನಾನು ಪೆನ್ಸಿಲ್ ಕಿತ್ತುಕೊಂಡು, "ನೋಡು, ಇಲ್ಲಿ ಸೊನ್ನೆ ಇದೆ, ಅದರ ಹತ್ತಿರ ಸಾಲ ಇಲ್ಲ, ಹಾಗಾಗಿ ನಾಲ್ಕರ ಹತ್ತಿರ ಹೋಗಬೇಕು, ಇದು ಮೂರಾಯ್ತು, ಇದು ಒಂಬತ್ತಾಯ್ತು, ಇದು ಹನ್ನೆರಡಾಯ್ತು" ಅಂತ ಒಂದೇ ಉಸಿರಿಗೆ ಹೇಳಿ 224 ಬರೆದೆ. "ಗೊತ್ತಾಯ್ತಾ?" ಅಂದೆ. "ಹ್ಞೂಂ" ಅಂದಳು. ಮಕ್ಕಳ "ಹ್ಞೂಂ"ನಲ್ಲಿ ಎಷ್ಟೋ ಬಗೆ ಇದೆ. ಇದು "ನನ್ನನ್ನು ಬಿಟ್ಟುಬಿಡು" ಅನ್ನುವ ಹ್ಞೂಂ. ಅದು ನನಗೂ ಗೊತ್ತಾಯಿತು. ಆದರೂ ಮುಂದಿನ ಲೆಕ್ಕಕ್ಕೆ ಹೋದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ಆಯ್ತು, ಇವತ್ತಿಗೆ ಸಾಕು ಮಾಡಿ. ನೀವಿಬ್ಬರೂ ಮಲಗಿ," ಅಂದಳು ನನ್ನ ಹೆಂಡತಿ.

ನನಗೆ ಜಾಸ್ತಿ ಚುಚ್ಚಿದ್ದು ಇನ್ನೊಂದು ವಿಷಯ. ವಾರ್ಷಿಕ ಪರೀಕ್ಷೆಯಲ್ಲಿ ಇವಳು ಇಂಥ ಲೆಕ್ಕಗಳನ್ನು ಸರಿಯಾಗಿ ಮಾಡಿ ಬಂದಿದ್ದಳು. ಆಮೇಲೆ ಐದು ವಾರ ರಜೆ, ಅಷ್ಟೇ. ಬೇಸಿಗೆ ತರಗತಿಯ ಮೊದಲ ದಿನ ಪೋಷಕರನ್ನು ಕೂರಿಸಿಕೊಂಡು ಟೀಚರ್ ಇದನ್ನೇ ಹೇಳಿದ್ದರು. ಹ್ಯಾರಿಸ್ ಕೂಪರ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು 1996ರಲ್ಲಿ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರಂತೆ. ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳು ಸರಾಸರಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಇರುತ್ತಾರೆ, ಅದರಲ್ಲೂ ಕೂಡುವ ಕಳೆಯುವ ಲೆಕ್ಕ ಮತ್ತು ಕಾಗುಣಿತ ಹೆಚ್ಚು ಮರೆತುಹೋಗುತ್ತದೆ ಅಂತ ಅವರಿಗೆ ಕಂಡಿತ್ತು. ಓದುವುದಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಎಷ್ಟೆಂದರೂ ಬೋರ್ಡು, ಪೊಟ್ಟಣ, ಫೋನು ಅಂತ ಏನಾದರೂ ಓದುತ್ತಲೇ ಇರುತ್ತಾರೆ. ರಜೆಯಲ್ಲಿ ಸುಮ್ನೆ ಕೂತು 402ರಿಂದ 178 ಕಳೆಯುವವರು ಯಾರಿದ್ದಾರೆ ಹೇಳಿ?

ಇದೇ ಕೊನೆಯ ಮಾತಲ್ಲ ಅಂತಲೂ ಟೀಚರ್ ಹೇಳಿದ್ದರು. ಪಾಲ್ ವಾನ್ ಹಿಪ್ಪಲ್ ಎಂಬ ಇನ್ನೊಬ್ಬ ಸಂಶೋಧಕರು 2019ರಲ್ಲಿ, ಹಳೆಯ ಪರೀಕ್ಷೆಗಳಲ್ಲಿ ಅಂಕ ಕೊಡುತ್ತಿದ್ದ ರೀತಿಯೇ ಸರಿ ಇರಲಿಲ್ಲ, ಹೊಸ ಪರೀಕ್ಷೆಗಳಲ್ಲಿ ನೋಡಿದರೆ ಈ ನಷ್ಟ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ ಅಂತ ಬರೆದರಂತೆ. "ಹಾಗಾಗಿ ಗಾಬರಿ ಬೇಡ. ಮನೆಯಲ್ಲಿ ಇನ್ನೊಂದು ಶಾಲೆ ತೆರೆಯಬೇಡಿ. ಆದರೆ ದಿನಾ ಕಳಿಸಿ," ಅಂದಿದ್ದರು. ಅಮೆರಿಕದ ಐದು ನಗರಗಳ ಬೇಸಿಗೆ ತರಗತಿಗಳನ್ನು ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2013ರಿಂದ ಹಿಂಬಾಲಿಸಿದಾಗಲೂ, 20 ದಿನಕ್ಕೆ ಕಡಿಮೆ ಇಲ್ಲದ ಹಾಗೆ ಬಂದ ಮಕ್ಕಳಲ್ಲೇ ಲಾಭ ಎದ್ದು ಕಂಡದ್ದು. ನಮ್ಮದೂ 25 ದಿನದ ತರಗತಿ. ದಿನಾ ಕಳಿಸುವ ಮಾತು ತಲೆಯಲ್ಲಿ ಉಳಿಯಿತು. ಇನ್ನೊಂದು ಶಾಲೆಯ ಮಾತು ಮರೆತೇಹೋಗಿತ್ತು.

ಮರುದಿನ ಬಿಡಲು ಹೋದಾಗ ಟೀಚರಿಗೆ ಹಿಂದಿನ ಸಂಜೆಯ ಕಥೆ ಹೇಳಿದೆ. ಅರ್ಧ ಕಥೆ ಅನ್ನಿ. ಮಗಳ ಕಣ್ಣಲ್ಲಿ ನೀರು ಬರಿಸಿದ್ದನ್ನು ಬಿಟ್ಟು. ಅವರು ಹಾಳೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಉಜ್ಜಿ ಹೋಗಿದ್ದ ಜಾಗವನ್ನು ಓದಿದರು.

"ಸರ್, ನಾಲ್ಕೂ ತಪ್ಪನ್ನು ಒಟ್ಟಿಗೆ ನೋಡಿ," ಅಂದರು.

ನೋಡಿದೆ. 53ರಲ್ಲಿ 27 ಹೋದರೆ 34. 81ರಲ್ಲಿ 36 ಹೋದರೆ 55. 610ರಲ್ಲಿ 245 ಹೋದರೆ 435. ಮತ್ತೆ ಆ 376. ಎರಡು ನಿಮಿಷ ಹಿಡಿಯಿತು. ಪ್ರತಿ ಸ್ಥಾನದಲ್ಲೂ, ಮೇಲಿದೆಯೋ ಕೆಳಗಿದೆಯೋ ನೋಡದೆ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಳು. 3ರಲ್ಲಿ 7 ಹೋಗುವುದಿಲ್ಲವಲ್ಲ, ಹಾಗಾಗಿ 7ರಲ್ಲಿ 3. ನಾಲ್ಕು ಲೆಕ್ಕದಲ್ಲೂ ಅದೇ. ಸರಿಯಾಗಿದ್ದ ಆರರಲ್ಲಿ ಸಾಲ ತೆಗೆದುಕೊಳ್ಳುವ ಪ್ರಸಂಗವೇ ಇರಲಿಲ್ಲ. ಅಂದರೆ ಹತ್ತೂ ಲೆಕ್ಕವನ್ನು ಅವಳು ಒಂದೇ ನಿಯಮದಲ್ಲಿ, ಎಲ್ಲೂ ತಪ್ಪದೆ ಮಾಡಿದ್ದಳು! ನಿಯಮ ಮಾತ್ರ ಬೇರೆಯದು.

ನನ್ನ ಹೊಟ್ಟೆಪಾಡೇ ಸಾಫ್ಟ್‌ವೇರಿನಲ್ಲಿ ಬಗ್, ಅಂದರೆ ಅಡಗಿರುವ ತಪ್ಪು, ಹುಡುಕುವುದು. ಒಂದೇ ಥರದ ತಪ್ಪು ನಾಲ್ಕು ಸಲ ಬಂದರೆ ಅದು ಅಜಾಗರೂಕತೆಯಲ್ಲ, ಒಳಗೆ ಎಲ್ಲೋ ಒಂದು ಸಾಲು ಹಾಗೆ ಬರೆದಿದೆ ಅಂತ ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವನು ನಾನೇ. ಅಂದು ರಾತ್ರಿ ಸ್ವಲ್ಪ ಹುಡುಕಿದಾಗ ಇನ್ನೂ ನಾಚಿಕೆಯಾಯಿತು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನುವವರು 1978ರಲ್ಲೇ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಹೀಗೇ ಬಿಡಿಸಿ ನೋಡಿ, ಅವಕ್ಕೆ ಬಗ್ ಅಂತಲೇ ಹೆಸರಿಟ್ಟಿದ್ದರು. ನನ್ನ ಮಗಳದು ಆ ಪಟ್ಟಿಯಲ್ಲಿ ಬಹಳ ಹೆಸರುವಾಸಿಯಾದದ್ದು.

ಟೀಚರ್ ಕೊಟ್ಟ ಕೆಲಸ ಒಂದೇ. "ಇವತ್ತು ಉತ್ತರ ಸರಿ ಮಾಡಬೇಡಿ. ಹೇಗೆ ಮಾಡಿದೆ ಅಂತ ಕೇಳಿ. ಸರಿ ಇರುವ ಲೆಕ್ಕಕ್ಕೂ ಕೇಳಿ. ಬರೀ ತಪ್ಪಿಗೆ ಕೇಳಿದರೆ, ಕೇಳಿದ ತಕ್ಷಣ ತಪ್ಪು ಅಂತ ತಿಳಿದು ರಬ್ಬರ್ ತಗೊಳ್ತಾರೆ."

ಸಂಜೆ ಕೂತೆವು. ಮೊದಲು ಸರಿಯಾದದ್ದಕ್ಕೆ ಕೇಳಿದೆ. ಅನುಮಾನದಿಂದಲೇ ಹೇಳಿದಳು. ಎರಡನೆಯದಕ್ಕೆ ಸ್ವಲ್ಪ ಧೈರ್ಯ ಬಂತು. ಆಮೇಲೆ 53 ಮತ್ತು 27ಕ್ಕೆ ಬಂದೆ.

"ಇದು ಹೇಗೆ ಮಾಡಿದೆ, ಹೇಳು."

"ಏಳರಲ್ಲಿ ಮೂರು ಹೋದ್ರೆ ನಾಲ್ಕು. ಐದರಲ್ಲಿ ಎರಡು ಹೋದ್ರೆ ಮೂರು."

"ಮೂರರಲ್ಲಿ ಏಳು ಯಾಕೆ ಕಳೀಲಿಲ್ಲ?"

ಅವಳು ನನ್ನ ಮುಖವನ್ನೇ ನೋಡಿದಳು. "ಅಪ್ಪಾ, ಯಾವಾಗಲೂ ದೊಡ್ಡದರಿಂದ ಚಿಕ್ಕದು ಕಳೀಬೇಕು ಅಂತ ನೀನೇ ಹೇಳ್ಕೊಟ್ಟಿದ್ದು."

ಹೌದು, ನಾನೇ. ಒಂದನೇ ಕ್ಲಾಸಿನಲ್ಲಿದ್ದಾಗ, ಬೆರಳು ಮಡಚಿ ಕಳೆಯುತ್ತಿದ್ದ ಕಾಲದಲ್ಲಿ. ಆಗ ಬೇಗ ಮುಗಿಯಲಿ ಅಂತ ಹೇಳಿದ ಮಾತು. ಶಾಲೆಯಲ್ಲಿ ಕಲಿಸಿದ ಸಾಲದ ವಿಧಾನ ಐದು ವಾರದಲ್ಲಿ ಮಸುಕಾಗಿತ್ತು. ಅದರ ಕೆಳಗಿದ್ದ ಅಪ್ಪನ ಮಾತು ಹಾಗೇ ಗಟ್ಟಿಯಾಗಿ ಕೂತಿತ್ತು.

ಸ್ವಲ್ಪ ಹೊತ್ತು ಏನು ಹೇಳಬೇಕೋ ತಿಳಿಯಲಿಲ್ಲ. "ಅದು ನನ್ನ ತಪ್ಪು ಪುಟ್ಟಿ, ಅರ್ಧ ಹೇಳಿದ್ದೆ," ಅಂದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು. ತಕ್ಷಣ ಓಡಿಹೋಗಿ ಅಮ್ಮನಿಗೆ ಹೇಳಿಬಂದಳು.

ಇನ್ನು ಸಾಲ ಅನ್ನುವ ಪದವನ್ನೇ ಬಿಟ್ಟೆವು. ಯೋಚಿಸಿದರೆ ಅದೊಂದು ವಿಚಿತ್ರ ಪದ. ತೆಗೆದುಕೊಂಡದ್ದನ್ನು ಯಾರೂ ವಾಪಸ್ ಕೊಡುವುದಿಲ್ಲವಲ್ಲ! ಅದರ ಬದಲು ಟೂತ್‌ಪಿಕ್ ಡಬ್ಬಿಗಳನ್ನು ನೆಲದ ಮೇಲೆ ಸುರಿದುಕೊಂಡೆವು. 402 ಕಡ್ಡಿ ಎಣಿಸಬೇಕಿತ್ತು. ಹತ್ತು ಹತ್ತರ ಕಟ್ಟು, ಅಂಥ ಹತ್ತು ಕಟ್ಟು ಸೇರಿಸಿ ನೂರರ ಕಟ್ಟು. 40 ಸಣ್ಣ ಕಟ್ಟಿಗೆ 40 ರಬ್ಬರ್ ಬ್ಯಾಂಡ್, ಮೇಲೆ ಇನ್ನೂ 4. ಮನೆಯಲ್ಲಿದ್ದದ್ದು ಹನ್ನೊಂದು. ಮಿಕ್ಕಿದ್ದಕ್ಕೆ ಹೊಲಿಗೆ ದಾರ, ಅವಳ ಜಡೆಯ ಬ್ಯಾಂಡು. ನಾನು ಕಟ್ಟಿದ ಒಂದು ಕಟ್ಟಿನಲ್ಲಿ ಒಂಬತ್ತೇ ಇದ್ದವು, ಅದನ್ನು ಹಿಡಿದವಳೂ ಅವಳೇ. ಈ ಕೆಲಸಕ್ಕೇ ಮುಕ್ಕಾಲು ಗಂಟೆ ಹೋಯಿತು. ಹಾಳೆಯ ಮೇಲೆ "15 ನಿಮಿಷ" ಅಂತ ಬರೆದಿತ್ತು.

ಕೊನೆಗೆ ನೆಲದ ಮೇಲೆ ನಾಲ್ಕು ದಪ್ಪ ಕಟ್ಟು, ಎರಡು ಬಿಡಿ ಕಡ್ಡಿ. "ಇದರಲ್ಲಿ ನನಗೆ 178 ಕೊಡು," ಅಂದೆ. ಮೊದಲು ಎಂಟು ಬಿಡಿ ಕೇಳಿದೆ. ಎರಡೇ ಇದ್ದವು. ಹತ್ತರ ಕಟ್ಟು ಹುಡುಕಿದಳು, ಹೊರಗೆ ಒಂದೂ ಇರಲಿಲ್ಲ. ದಪ್ಪ ಕಟ್ಟೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು. ನನ್ನ ನಾಲಿಗೆ ತುದಿಯವರೆಗೆ ಉತ್ತರ ಬಂದಿತ್ತು. ಹಿಂದಿನ ದಿನವಾಗಿದ್ದರೆ ಹೇಳಿಯೇಬಿಡುತ್ತಿದ್ದೆ. ತುಟಿ ಬಿಗಿ ಹಿಡಿದೆ. ಆ ಒಂದು ನಿಮಿಷ ಬಹಳ ಉದ್ದ ಇತ್ತು.

"ಬಿಚ್ಚಲಾ?"

"ನಿನ್ನಿಷ್ಟ."

ಜಡೆಯ ಬ್ಯಾಂಡ್ ಎಳೆದಳು. ಹತ್ತು ಸಣ್ಣ ಕಟ್ಟು ಉರುಳಿದವು. ಅದರಲ್ಲೊಂದರ ದಾರ ಬಿಚ್ಚಿದಳು. ಈಗ ಹನ್ನೆರಡು ಬಿಡಿ, ಒಂಬತ್ತು ಸಣ್ಣದು, ಮೂರು ದಪ್ಪದ್ದು. ಹಿಂದಿನ ದಿನ ನಾನು ಒಂದೇ ಉಸಿರಿಗೆ ಹೇಳಿದ್ದ "ಮೂರಾಯ್ತು, ಒಂಬತ್ತಾಯ್ತು, ಹನ್ನೆರಡಾಯ್ತು" ಎಲ್ಲ ನೆಲದ ಮೇಲೆ ಬಿದ್ದಿತ್ತು. ಸೊನ್ನೆ ಹೇಗೆ ಒಂಬತ್ತಾಯಿತು ಅನ್ನುವುದು ನಿಜ ಹೇಳಬೇಕೆಂದರೆ ನನಗೂ ಅವತ್ತೇ ಕಣ್ಣಿಗೆ ಕಂಡದ್ದು. 178 ನನ್ನ ಕಡೆ ತಳ್ಳಿ, ಉಳಿದದ್ದನ್ನು ಎಣಿಸಿ, 224 ಅಂತ ತಾನೇ ಬರೆದಳು.

ಓದುವ ಪುಸ್ತಕಕ್ಕೆ ದಿನಾ ಪೋಷಕರ ಸಹಿ ಬೇಕಿತ್ತು. ಅವಳು ಓದಿದಳೋ ಇಲ್ಲವೋ ಕೇಳದೆ ಎಷ್ಟೋ ದಿನ ಸಹಿ ಹಾಕಿದ್ದೇನೆ. ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಲೆಕ್ಕವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೂರು ದಿನ ಬಿಟ್ಟು ಮತ್ತೆ 7ರಲ್ಲಿ 3 ಕಳೆದಿದ್ದಳು. ಆದರೆ ಈ ಸಲ ತಾನೇ ನಿಲ್ಲಿಸಿ, "ಇಲ್ಲ ಇಲ್ಲ, ಕಟ್ಟು ಬಿಚ್ಚಬೇಕು," ಅಂದಳು. ಕಡ್ಡಿಗಳು ತಿಂಗಳುಗಟ್ಟಲೆ ಸೋಫಾ ಕೆಳಗೆ, ಚಪ್ಪಲಿ ಒಳಗೆ ಸಿಗುತ್ತಾ ಇದ್ದವು. ಹೆಂಡತಿ ಒಮ್ಮೆ ತುಳಿದು ಚೀರಿದ್ದೂ ಆಯಿತು.

ತರಗತಿ ಮುಗಿಯುವ ವಾರ ಒಂದು ಸಂಜೆ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಬಂದು ಪಕ್ಕದಲ್ಲಿ ನಿಂತಳು.

"ಅಪ್ಪಾ, ಸಾವಿರ ಕಡ್ಡೀದು ಒಂದೇ ದೊಡ್ಡ ಕಟ್ಟಿದೆ. ಒಳಗೆ ನೂರರ ಕಟ್ಟು, ಅದರೊಳಗೆ ಹತ್ತರ ಕಟ್ಟು. ಅದರಿಂದ ಒಂದೇ ಒಂದು ಕಡ್ಡಿ ತೆಗೀಬೇಕು. ಎಷ್ಟು ಬ್ಯಾಂಡ್ ಬಿಚ್ಚಬೇಕು?"

ಪರದೆಯಿಂದ ಕಣ್ಣು ತೆಗೆಯದೆ, "ಒಂದು," ಅಂದೆ.

ತಪ್ಪು ಅನ್ನಲಿಲ್ಲ. ನಗಲೂ ಇಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು.

"ಹೇಗೆ ಮಾಡಿದೆ, ಹೇಳು."