ಕಾಲೇಜಿನಿಂದ ಎನ್‌ಬಿಎಗೆ: ವಯಸ್ಸಿನ ಲೆಕ್ಕ ಬೇರೆ, ಗಡುವಿನ ಲೆಕ್ಕ ಬೇರೆ

ಎನ್‌ಬಿಎ ಎಂದರೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳು ವರ್ಷಕ್ಕೊಮ್ಮೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 2025ರ ಜೂನ್ 25ರಂದು ಡಲ್ಲಾಸ್ ಮ್ಯಾವೆರಿಕ್ಸ್ ತಂಡ ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್ ಅವರನ್ನು ಡ್ರಾಫ್ಟಿನ ಮೊದಲ ಆಟಗಾರನಾಗಿ ಆರಿಸಿಕೊಂಡಿತು. ಆ ದಿನ ಅವರಿಗೆ ಇನ್ನೂ 18. ಅಕ್ಟೋಬರಿನಲ್ಲಿ ಎನ್‌ಬಿಎ ಅಂಗಳಕ್ಕೆ ಇಳಿದಾಗಲೂ 18. ಹಾಗಾದರೆ "ಎನ್‌ಬಿಎಗೆ 19 ತುಂಬಿರಬೇಕು" ಎಂಬ ಮಾತು ಸುಳ್ಳೇ? ಸುಳ್ಳಲ್ಲ, ಅರ್ಧ ನಿಜ. ನಿಯಮದಲ್ಲಿ ಇರುವುದು "ಡ್ರಾಫ್ಟ್ ನಡೆಯುವ ಕ್ಯಾಲೆಂಡರ್ ವರ್ಷದೊಳಗೆ 19 ತುಂಬಬೇಕು" ಎಂದು. ಫ್ಲ್ಯಾಗ್ ಹುಟ್ಟಿದ್ದು 2006ರ ಡಿಸೆಂಬರ್ 21. ವರ್ಷ ಮುಗಿಯಲು ಹತ್ತು ದಿನ ಇರುವಾಗ 19 ತುಂಬುತ್ತದೆ, ನಿಯಮಕ್ಕೆ ಅಷ್ಟು ಸಾಕು.

ಇದರ ಜೊತೆಗೆ ಇನ್ನೊಂದು ಷರತ್ತಿದೆ, ಬಹಳ ಮಂದಿ ಮರೆಯುವುದು ಅದನ್ನೇ. ಅಮೆರಿಕದ ಆಟಗಾರನಾದರೆ, ಅವನ ಹೈಸ್ಕೂಲ್ ತರಗತಿ ಪದವಿ ಪಡೆದ ಮೇಲೆ ಕನಿಷ್ಠ ಒಂದು ಎನ್‌ಬಿಎ ಸೀಸನ್ ಕಳೆದಿರಬೇಕು. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಫ್ಲ್ಯಾಗ್ ಮೊದಲು 2025ರ ಹೈಸ್ಕೂಲ್ ತರಗತಿಯವರು. ಓದನ್ನು ಬೇಗ ಮುಗಿಸಿ 2024ರ ತರಗತಿಗೆ ಸೇರಿಕೊಂಡರು. ಅಲ್ಲಿನವರು ಇದನ್ನು ರೀಕ್ಲಾಸಿಫೈ ಆಗುವುದು ಎನ್ನುತ್ತಾರೆ. ಹಾಗೆ ಮಾಡದೆ ಇದ್ದಿದ್ದರೆ ವಯಸ್ಸು ಸರಿಯಿದ್ದರೂ 2026ರ ತನಕ ಕಾಯಬೇಕಿತ್ತು.

ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಇಬ್ಬರು ಹುಡುಗರು ಒಂದೇ ತರಗತಿ, ಇಬ್ಬರೂ 2025ರ ಮೇ ತಿಂಗಳಲ್ಲಿ ಹೈಸ್ಕೂಲ್ ಮುಗಿಸಿದವರು. ಒಬ್ಬ ಹುಟ್ಟಿದ್ದು 2007ರ ಡಿಸೆಂಬರ್ 31, ಇನ್ನೊಬ್ಬ 2008ರ ಜನವರಿ 1. ಮೊದಲನೆಯವನು 2026ರ ಡ್ರಾಫ್ಟಿಗೆ ಹೆಸರು ಕೊಡಬಹುದು. ಎರಡನೆಯವನು 2027ಕ್ಕೆ. ಒಂದು ರಾತ್ರಿಯ ಅಂತರ, ಒಂದು ಇಡೀ ವರ್ಷದ ನಷ್ಟ. ಹುಟ್ಟಿದ ದಿನಾಂಕ ಮತ್ತು ತರಗತಿಯ ವರ್ಷ, ಇವೆರಡನ್ನೂ ಪಕ್ಕಪಕ್ಕ ಬರೆದುಕೊಳ್ಳದೆ ಯಾರೂ ಅರ್ಹತೆಯ ಬಗ್ಗೆ ಮಾತಾಡಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಈ ನಿಯಮಕ್ಕೆ ಅಂಟಿಕೊಂಡ "ಒನ್ ಅಂಡ್ ಡನ್" (ಒಂದು ವರ್ಷ, ಅಲ್ಲಿಗೆ ಮುಗಿಯಿತು) ಎಂಬ ಹೆಸರು ಇನ್ನೊಂದು ತಪ್ಪು ತಿಳಿವಳಿಕೆಗೆ ಕಾರಣವಾಗಿದೆ. ಒಂದು ವರ್ಷ ಕಾಲೇಜಿನಲ್ಲಿ ಆಡಲೇಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ. ಈ ನಿಯಮ ಮಾಡಿದ್ದು ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಯೂ ಅಲ್ಲ. ಎನ್‌ಬಿಎ ಮತ್ತು ಆಟಗಾರರ ಸಂಘ ಸೇರಿ 2005ರ ಒಪ್ಪಂದದಲ್ಲಿ ಬರೆದುಕೊಂಡದ್ದು ಇದು, 2006ರ ಡ್ರಾಫ್ಟಿನಿಂದ ಜಾರಿಗೆ ಬಂತು. ಆ ಒಂದು ವರ್ಷವನ್ನು ಎಲ್ಲಿ ಕಳೆಯಬೇಕು ಎಂಬುದು ಆಟಗಾರನಿಗೇ ಬಿಟ್ಟದ್ದು. ಬ್ರ್ಯಾಂಡನ್ ಜೆನ್ನಿಂಗ್ಸ್ 2008ರಲ್ಲಿ ರೋಮ್‌ಗೆ ಹೋಗಿ ಆಡಿ, 2009ರಲ್ಲಿ 10ನೆಯವರಾಗಿ ಆಯ್ಕೆಯಾದರು. ಲಾಮೆಲೊ ಬಾಲ್ ಆಸ್ಟ್ರೇಲಿಯಾದ ಲೀಗಿನಲ್ಲಿ ಆಡಿ 2020ರಲ್ಲಿ 3ನೆಯವರಾದರು. ಹದಿಹರೆಯದವರ ಲೀಗಾದ ಓವರ್‌ಟೈಮ್ ಎಲೀಟ್‌ನಿಂದ ಬಂದ ಥಾಂಪ್ಸನ್ ಅವಳಿಗಳು 2023ರಲ್ಲಿ 4 ಮತ್ತು 5ನೆಯವರಾದರು. ಎನ್‌ಬಿಎ ತನ್ನ ಕೆಳಹಂತದ ಲೀಗಾದ ಜಿ ಲೀಗಿನಲ್ಲಿ ತಾನೇ 2020ರಲ್ಲಿ ಕಟ್ಟಿದ ಇಗ್ನೈಟ್ ತಂಡ ಮಾತ್ರ 2023-24ರ ಸೀಸನ್ನಿಗೇ ಮುಗಿಯಿತು. ಕಾಲೇಜಿನಲ್ಲೇ ಹಣ ಸಿಗತೊಡಗಿದ ಮೇಲೆ ಅದರ ಅಗತ್ಯ ಉಳಿಯಲಿಲ್ಲ.

ಈ ವಯಸ್ಸಿನ ಗೆರೆ ಹೇಗೆ ಬಂತು ಎಂಬುದನ್ನು ಸ್ವಲ್ಪ ಹೇಳಲೇಬೇಕು. ಮೊದಲಿದ್ದ ನಿಯಮ ಇದಕ್ಕಿಂತ ಕಠಿಣ: ಹೈಸ್ಕೂಲ್ ತರಗತಿ ಮುಗಿದು ನಾಲ್ಕು ವರ್ಷ ಆಗುವ ತನಕ ಎನ್‌ಬಿಎಗೆ ಪ್ರವೇಶವೇ ಇಲ್ಲ. ಸ್ಪೆನ್ಸರ್ ಹೇವುಡ್ ಸಿಯಾಟಲ್ ಸೂಪರ್‌ಸಾನಿಕ್ಸ್ ತಂಡಕ್ಕೆ ಸಹಿ ಹಾಕಿ ಅದನ್ನು ಕೋರ್ಟಿಗೆ ಎಳೆದರು. 1971ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಆಮೇಲೆ ಲೀಗು "ಹಾರ್ಡ್‌ಶಿಪ್" ಎಂಬ ಬಾಗಿಲು ತೆರೆಯಿತು. ಮನೆಯಲ್ಲಿ ಬಡತನ ಇದೆ ಎಂದು ತೋರಿಸಿದವನಿಗೆ ಮಾತ್ರ ಬೇಗ ಬರುವ ಅವಕಾಶ. ಬಡತನವನ್ನು ದಾಖಲೆ ಮಾಡಿ ತೋರಿಸು ಎನ್ನುವ ಆ ಪದ್ಧತಿ 1976ರಲ್ಲಿ ಹೋಯಿತು, ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಬಿಟ್ಟುಕೊಟ್ಟರೆ ಸಾಕು ಎಂದಾಯಿತು. 1995ರಲ್ಲಿ ಕೆವಿನ್ ಗಾರ್ನೆಟ್ ಹೈಸ್ಕೂಲಿನಿಂದ ನೇರವಾಗಿ ಬಂದು 5ನೆಯವರಾಗಿ ಆಯ್ಕೆಯಾದ ಮೇಲೆ ಆ ದಾರಿ ಹೆದ್ದಾರಿಯೇ ಆಯಿತು. 2001ರಲ್ಲಿ ಕ್ವಾಮೆ ಬ್ರೌನ್, 2003ರಲ್ಲಿ ಲೆಬ್ರಾನ್ ಜೇಮ್ಸ್, 2004ರಲ್ಲಿ ಡ್ವೈಟ್ ಹವರ್ಡ್, ಮೂವರೂ ಹೈಸ್ಕೂಲಿನಿಂದ ಬಂದು ಮೊದಲ ಆಯ್ಕೆಯಾದವರು. 2005ರಲ್ಲಿ 10ನೆಯವರಾದ ಆ್ಯಂಡ್ರೂ ಬೈನಮ್ ಮೊದಲ ಪಂದ್ಯ ಆಡುವಾಗ 18 ವರ್ಷ 6 ದಿನ. ಈಗಿನ ನಿಯಮ ಇರುವ ತನಕ ಆ ದಾಖಲೆ ಮುರಿಯುವುದು ಅಸಾಧ್ಯವೆಂದೇ ಹೇಳಬೇಕು.

ಹೇವುಡ್ ಗೆದ್ದ ಮೇಲೂ 2005ರ ನಿಯಮ ಹೇಗೆ ಉಳಿದುಕೊಂಡಿದೆ? ಹಳೆಯ ನಿಯಮ ಲೀಗು ಏಕಪಕ್ಷೀಯವಾಗಿ ಹೇರಿದ್ದು. ಈಗಿನದು ಆಟಗಾರರ ಸಂಘದ ಜೊತೆ ಚೌಕಾಸಿ ಮಾಡಿ ಸಹಿಯಾದ ಒಪ್ಪಂದದ ಭಾಗ. ಕಾರ್ಮಿಕ ಒಪ್ಪಂದದಲ್ಲಿ ಬಂದ ಇಂಥ ಷರತ್ತನ್ನು ಸ್ಪರ್ಧಾ ಕಾನೂನಿನ ಅಡಿ ಸುಲಭಕ್ಕೆ ಪ್ರಶ್ನಿಸಲಾಗದು. ಅಮೆರಿಕನ್ ಫುಟ್‌ಬಾಲಿನಲ್ಲಿ ಮಾರಿಸ್ ಕ್ಲಾರೆಟ್ 2004ರಲ್ಲಿ ಸೋತದ್ದು ಇದೇ ಕಾರಣಕ್ಕೆ. ನನ್ನ ಮನಸ್ಸಿಗೆ ಕಸಿವಿಸಿ ಆಗುವುದೂ ಇಲ್ಲೇ: ಒಪ್ಪಂದಕ್ಕೆ ಮತ ಹಾಕುವವರು ಈಗಾಗಲೇ ಲೀಗಿನ ಒಳಗಿರುವವರು, ಹೊರಗೆ ನಿಂತ ಹದಿನೆಂಟರ ಹುಡುಗನಿಗೆ ಅಲ್ಲಿ ದನಿಯಿಲ್ಲ. 18ಕ್ಕೆ ಇಳಿಸುವ ಮಾತು ಎಷ್ಟೋ ಬಾರಿ ಬಂದರೂ 2023ರ ಒಪ್ಪಂದ 19ನ್ನೇ ಉಳಿಸಿಕೊಂಡಿತು.

ಹೊರದೇಶದ ಆಟಗಾರನಿಗೆ ಹೈಸ್ಕೂಲಿನ ಒಂದು ವರ್ಷದ ಷರತ್ತು ಇಲ್ಲ. ಆ ವರ್ಷ 19 ತುಂಬುವುದಾದರೆ ತಾನಾಗಿ ಹೆಸರು ಕೊಡಬಹುದು. 22 ತುಂಬುವ ವರ್ಷ ಹೆಸರು ಕೊಡದಿದ್ದರೂ ತಂತಾನೇ ಅರ್ಹ. ಆದರೆ "ಹೊರದೇಶದವನು" ಎನ್ನಿಸಿಕೊಳ್ಳಲು ಪಾಸ್‌ಪೋರ್ಟ್ ಸಾಲದು. ಡ್ರಾಫ್ಟಿಗೆ ಮುಂಚಿನ ಮೂರು ವರ್ಷ ಅಮೆರಿಕದ ಹೊರಗೆ ನೆಲೆಸಿ ಆಡಿರಬೇಕು, ಅಲ್ಲಿ ಹೈಸ್ಕೂಲ್ ಮುಗಿಸಿರಬಾರದು, ಅಲ್ಲಿನ ಕಾಲೇಜಿಗೆ ಸೇರಿರಬಾರದು. ಸೆನೆಗಲ್ಲಿನಿಂದಲೋ ಸರ್ಬಿಯಾದಿಂದಲೋ ಬಂದು ಅಮೆರಿಕದ ಕಾಲೇಜು ಸೇರಿದವನಿಗೆ ಅಲ್ಲಿನವರ ಲೆಕ್ಕವೇ ಅನ್ವಯ.

ಅಮೆರಿಕದವನೂ ಒಂದು ಹಂತದ ಮೇಲೆ ಹೆಸರು ಕೊಡಬೇಕಿಲ್ಲ. ಕಾಲೇಜಿನ ಆಟದ ಅರ್ಹತೆ ಪೂರ್ತಿ ಮುಗಿದರೆ, ಅಥವಾ ಕಾಲೇಜಿಗೆ ಹೋಗದೆ ಹೈಸ್ಕೂಲ್ ಮುಗಿದು ನಾಲ್ಕು ವರ್ಷ ಕಳೆದರೆ ತಂತಾನೇ ಅರ್ಹ. ಹಿಂದೆ ಜೊತೆಯಲ್ಲಿ ಸೇರಿದವರ ತರಗತಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಒಬ್ಬ ಅರ್ಹನಾದದ್ದೂ ಇದೆ. ಲ್ಯಾರಿ ಬರ್ಡ್ 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ, ಒಂದು ತಿಂಗಳೂ ಆಗದೆ ಬಿಟ್ಟು, ಆಮೇಲೆ ಇಂಡಿಯಾನಾ ಸ್ಟೇಟ್‌ಗೆ ಸೇರಿದರು. ಅವರ ಮೂಲ ತರಗತಿಯ ವರ್ಷ 1978. ಆ ವರ್ಷ ಬಾಸ್ಟನ್ ಸೆಲ್ಟಿಕ್ಸ್ ಅವರನ್ನು 6ನೆಯವರಾಗಿ ಆರಿಸಿ ಕಾಯಿತು, ಬರ್ಡ್ ಇನ್ನೊಂದು ಸೀಸನ್ ಕಾಲೇಜಿನಲ್ಲೇ ಆಡಿ ಬಂದರು.

ಈಗ ನಿಜವಾಗಿ ಎಡವುವ ಜಾಗಕ್ಕೆ ಬರೋಣ: ಗಡುವುಗಳು. 2025ರ ಕ್ಯಾಲೆಂಡರನ್ನೇ ತೆಗೆದುಕೊಳ್ಳಿ. ತಂತಾನೇ ಅರ್ಹರಾಗುವ ಮುಂಚೆ ಬೇಗ ಬರುವವರು ಹೆಸರು ಕೊಡಲು ಕೊನೆಯ ದಿನ ಏಪ್ರಿಲ್ 26, ಅಂದರೆ ಡ್ರಾಫ್ಟಿಗೆ 60 ದಿನ ಮುಂಚೆ. ಷಿಕಾಗೊದಲ್ಲಿ ಕಂಬೈನ್ (ತಂಡಗಳ ಮುಂದೆ ಆಟಗಾರರ ಅಳತೆ, ಪರೀಕ್ಷೆ ನಡೆಯುವ ಶಿಬಿರ) ಮುಗಿದದ್ದು ಮೇ 18. ಎನ್‌ಸಿಎಎ ಪ್ರಕಾರ ಹೆಸರು ಹಿಂತೆಗೆಯಲು ಕಂಬೈನ್ ಮುಗಿದು ಹತ್ತು ದಿನ, ಅಂದರೆ ಮೇ 28ರ ರಾತ್ರಿ 11:59. ಎನ್‌ಬಿಎ ಪ್ರಕಾರ ಹಿಂತೆಗೆಯಲು ಡ್ರಾಫ್ಟಿಗೆ ಹತ್ತು ದಿನ ಮುಂಚೆ, ಅಂದರೆ ಜೂನ್ 15ರ ಸಂಜೆ 5. ಎಲ್ಲವೂ ಅಮೆರಿಕದ ಪೂರ್ವ ತೀರದ ಸಮಯ.

ಮೇ 28ಕ್ಕೂ ಜೂನ್ 15ಕ್ಕೂ ನಡುವೆ 18 ದಿನ. ಜೂನ್ 3ರಂದು ಒಬ್ಬ ಮನಸ್ಸು ಬದಲಿಸಿ ಹೆಸರು ವಾಪಸ್ ತೆಗೆದುಕೊಂಡ ಎನ್ನಿ. ಎನ್‌ಬಿಎ ಲೆಕ್ಕದಲ್ಲಿ ಅವನು ಸರಿ, ಮುಂದಿನ ವರ್ಷ ಮತ್ತೆ ಡ್ರಾಫ್ಟಿಗೆ ಬರಬಹುದು. ಕಾಲೇಜಿನ ಲೆಕ್ಕದಲ್ಲಿ ಅವನ ಬಾಗಿಲು ಆರು ದಿನ ಹಿಂದೆಯೇ ಮುಚ್ಚಿದೆ. ಎರಡನೆಯ ಗಡುವು ಉಪಯೋಗಕ್ಕೆ ಬರುವುದು ಹೊರದೇಶದ ಲೀಗುಗಳಲ್ಲಿ ಆಡುವವರಿಗೆ, ಅಥವಾ ಕಾಲೇಜಿಗೆ ಮರಳುವ ಯೋಚನೆಯೇ ಇಲ್ಲದವರಿಗೆ. "ಜೂನ್ ತನಕ ಟೈಮ್ ಇದೆ" ಎಂದು ಕಾಲೇಜು ಹುಡುಗನಿಗೆ ಯಾರಾದರೂ ಹೇಳಿದರೆ ಅವರು ತಪ್ಪು ಹಾಳೆ ಓದುತ್ತಿದ್ದಾರೆ. ಜೂನ್ 15ನ್ನೂ ದಾಟಿ, ಡ್ರಾಫ್ಟಿನಲ್ಲಿ ಯಾರೂ ಆರಿಸದೆ ಹೋದರೆ ಅವನು ಫ್ರೀ ಏಜೆಂಟ್. ಯಾವ ತಂಡದ ಜೊತೆಗಾದರೂ ಸಹಿ ಹಾಕಬಹುದು, ಇನ್ನೊಂದು ಡ್ರಾಫ್ಟ್ ಮಾತ್ರ ಇಲ್ಲ.

ಮೂರನೆಯ ದಿನಾಂಕವೊಂದು ಇವುಗಳ ಹಿಂದೆ ಅಡಗಿರುತ್ತದೆ. ಕಾಲೇಜು ಬದಲಿಸುವವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ 2025ರಲ್ಲಿ ತೆರೆದಿದ್ದದ್ದು ಮಾರ್ಚ್ 24ರಿಂದ ಏಪ್ರಿಲ್ 22ರ ತನಕ. ಡ್ರಾಫ್ಟಿನ ಗಡುವಿಗಿಂತ ನಾಲ್ಕು ದಿನ ಮುಂಚೆಯೇ ಮುಚ್ಚಿತು. "ಡ್ರಾಫ್ಟಿಗೆ ಹೋಗಿ ನೋಡೋಣ, ಆಗದಿದ್ದರೆ ಬೇರೆ ಕಾಲೇಜು" ಎನ್ನುವವನು ಎರಡು ಕಡೆಯೂ ಮೊದಲೇ ಹೆಸರು ಹಾಕಿರಬೇಕು. ಇಲ್ಲದಿದ್ದರೆ ಮೇ ತಿಂಗಳಲ್ಲಿ ಸಾಮಾನ್ಯವಾಗಿ ಹಳೆಯ ಕಾಲೇಜೊಂದೇ ಗತಿ. ಪೋರ್ಟಲ್‌ನ ದಿನಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಹಳೆಯ ಪಟ್ಟಿಯನ್ನು ನಂಬಬೇಡಿ.

ಏಜೆಂಟ್ ವಿಷಯ. 2018ಕ್ಕೆ ಮುಂಚೆ ಏಜೆಂಟ್ ಜೊತೆ ಬಾಯಿಮಾತಿನ ಒಪ್ಪಂದ ಮಾಡಿಕೊಂಡರೂ ಕಾಲೇಜು ಅರ್ಹತೆ ಹೋಗುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ ನಿಯಮ ಸಡಿಲಾಯಿತು, ಆದರೆ ಕ್ರಮ ತಪ್ಪುವಂತಿಲ್ಲ. ಮೊದಲು ಎನ್‌ಬಿಎಯ ಅಂಡರ್‌ಗ್ರ್ಯಾಜುಯೇಟ್ ಅಡ್ವೈಸರಿ ಕಮಿಟಿಗೆ ಮೌಲ್ಯಮಾಪನ ಕೋರಬೇಕು. ತಂಡಗಳ ಅಧಿಕಾರಿಗಳ ಅಂದಾಜು ಅಲ್ಲಿಂದ ಬರುತ್ತದೆ: ಲಾಟರಿ ಎನ್ನುವ ಮೊದಲ 14 ಆಯ್ಕೆಗಳಲ್ಲೋ, ಮೊದಲ ಸುತ್ತಿನಲ್ಲೋ, ಎರಡನೆಯದರಲ್ಲೋ, ಆಯ್ಕೆಯೇ ಇಲ್ಲವೋ ಎಂದು. ಆಮೇಲೆ ಎನ್‌ಸಿಎಎ ಮಾನ್ಯತೆ ಇರುವ ಏಜೆಂಟ್ ಜೊತೆ ಬರಹದಲ್ಲಿ ಒಪ್ಪಂದ. ಕಾಲೇಜಿಗೆ ಮರಳುವುದಾದರೆ ಆ ಒಪ್ಪಂದ ರದ್ದಾಗಬೇಕು. ಎಡವುವುದು ಎರಡು ಕಡೆ. ಆಟಗಾರರ ಸಂಘದ ಮಾನ್ಯತೆ ಇದೆ ಎಂದ ಮಾತ್ರಕ್ಕೆ ಎನ್‌ಸಿಎಎ ಮಾನ್ಯತೆಯೂ ಇದೆ ಎಂದುಕೊಳ್ಳುವುದು ಒಂದು. ಮೌಲ್ಯಮಾಪನ ಕೋರುವ ಮುಂಚೆಯೇ ಸಹಿ ಹಾಕುವುದು ಇನ್ನೊಂದು. ತಂಡಗಳ ಖಾಸಗಿ ಪರೀಕ್ಷೆಗೆ ಹೋದಾಗಲೂ ಲೆಕ್ಕವಿದೆ. ಒಂದು ತಂಡ ಒಬ್ಬ ಆಟಗಾರನ ಖರ್ಚು ಹೊರುವುದು ಒಮ್ಮೆ ಮಾತ್ರ, ಅದೂ 48 ಗಂಟೆ ಮೀರದ ಹಾಗೆ. ಮೂರನೆಯ ದಿನದ ಹೋಟೆಲ್ ಬಿಲ್ಲು ಸಣ್ಣದಾಗಿ ಕಾಣುತ್ತದೆ, ಅರ್ಹತೆಯ ಕಡತದಲ್ಲಿ ಅದು ಸಣ್ಣದಲ್ಲ.

ಇಷ್ಟೆಲ್ಲ ತೂಗಿ ನೋಡುವುದು ಯಾವುದಕ್ಕಾಗಿ? ಮೊದಲ ಸುತ್ತಿನ 30ರೊಳಗೆ ಬಂದವನ ಸಂಬಳಕ್ಕೆ ನಿಗದಿತ ಪಟ್ಟಿ ಇದೆ. ಅದರ 80ರಿಂದ 120 ಶೇಕಡಾ ನಡುವೆ ಒಪ್ಪಂದ, ಮೊದಲ ಎರಡು ವರ್ಷದ ಹಣ ಖಚಿತ, ಮೂರು ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆ. ಎರಡನೆಯ ಸುತ್ತಿನವನಿಗೆ ಆ ಖಚಿತತೆ ಇಲ್ಲ. ಎಷ್ಟೋ ಮಂದಿಗೆ ಸಿಗುವುದು ಟೂ-ವೇ ಒಪ್ಪಂದ. 2025-26ರಲ್ಲಿ ಅದರ ಮೊತ್ತ 6,36,435 ಡಾಲರ್, ಎನ್‌ಬಿಎ ಪಂದ್ಯಗಳಿಗೆ 50ರ ಮಿತಿ, ಉಳಿದ ದಿನ ಜಿ ಲೀಗಿನಲ್ಲಿ. 29ನೆಯ ಆಯ್ಕೆಗೂ 35ನೆಯ ಆಯ್ಕೆಗೂ ಆಟದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ, ಕಾಗದದಲ್ಲಿ ಇರುತ್ತದೆ.

ಈ ತೂಕವನ್ನು ಕಾಲೇಜಿನ ಹಣ ಬದಲಿಸಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಗಳಿಸಬಹುದು. 2025ರ ಜೂನಿನಲ್ಲಿ ಕೋರ್ಟು ಒಪ್ಪಿದ ಹೌಸ್ ಪ್ರಕರಣದ (ಕಾಲೇಜು ಆಟಗಾರರು ಹಣಕ್ಕಾಗಿ ಎನ್‌ಸಿಎಎ ವಿರುದ್ಧ ಹೂಡಿದ್ದು) ರಾಜಿಯಿಂದ ವಿಶ್ವವಿದ್ಯಾಲಯಗಳೇ ನೇರ ಹಣ ಕೊಡಬಹುದು. 2025-26ಕ್ಕೆ ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. ಪರಿಣಾಮ ಪಟ್ಟಿಯಲ್ಲೇ ಕಾಣುತ್ತದೆ: 2021ರಲ್ಲಿ ಬೇಗ ಹೆಸರು ಕೊಟ್ಟವರು 353, 2025ರಲ್ಲಿ 106. ಎರಡನೆಯ ಸುತ್ತಿನ ಅಂಚಿನಲ್ಲಿರುವವನಿಗೆ ಉಳಿಯುವುದೇ ಲಾಭ ಎನ್ನುವ ಕಾಲ ಬಂದಿದೆ. ಅದನ್ನು ನಾನು ಒಳ್ಳೆಯ ಬದಲಾವಣೆ ಎಂದೇ ಎಣಿಸುತ್ತೇನೆ, ಹಣದ ಒತ್ತಡಕ್ಕೆ ಅರೆಬೆಂದು ಹೊರಡುವವರು ಕಡಿಮೆಯಾಗಿದ್ದಾರೆ.

ದಾರಿ ತಿರುಗಿ ಹರಿದದ್ದೂ ಇದೆ. 2023ರಲ್ಲಿ 31ನೆಯವರಾಗಿ ಆಯ್ಕೆಯಾಗಿ, ಎನ್‌ಬಿಎ ಒಪ್ಪಂದಕ್ಕೆ ಎಂದೂ ಸಹಿ ಹಾಕದ ನೈಜೀರಿಯಾದ ಜೇಮ್ಸ್ ನಾಜಿ ಅವರಿಗೆ 2025ರ ಡಿಸೆಂಬರಿನಲ್ಲಿ ಬೇಲರ್ ವಿಶ್ವವಿದ್ಯಾಲಯದ ಪರ ಆಡಲು ಅನುಮತಿ ಸಿಕ್ಕಿತು. ಕೋಚ್‌ಗಳು ಸಿಟ್ಟಾದರು. ಎನ್‌ಬಿಎ ಒಪ್ಪಂದಕ್ಕೆ ಸಹಿ ಹಾಕಿದವರಿಗೆ, ಟೂ-ವೇ ಆದರೂ ಸರಿ, ಅರ್ಹತೆ ಕೊಡುವುದಿಲ್ಲ ಎಂದು ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ಅದೇ ತಿಂಗಳ ಕೊನೆಯಲ್ಲಿ ಹೇಳಿದರು. ಗೆರೆ ಎಳೆದದ್ದು ಡ್ರಾಫ್ಟಿನಲ್ಲಿ ಹೆಸರು ಕೂಗಿದ ಕ್ಷಣಕ್ಕಲ್ಲ, ಸಹಿಗೆ.

ಮಹಿಳೆಯರ ಲೀಗಿನಲ್ಲಿ ಮಿತಿ ಇನ್ನೂ ಮೇಲೆ. ಡಬ್ಲ್ಯುಎನ್‌ಬಿಎಯಲ್ಲಿ ಅಮೆರಿಕದ ಕಾಲೇಜು ಆಟಗಾರ್ತಿ ನಾಲ್ಕು ವರ್ಷ ಮುಗಿಯುವ ಮುಂಚೆ ಹೊರಡಬೇಕೆಂದರೆ ಡ್ರಾಫ್ಟ್ ವರ್ಷದೊಳಗೆ 22 ತುಂಬಬೇಕು ಎಂಬುದು ಅಲ್ಲಿ ನಡೆದುಬಂದ ಲೆಕ್ಕ. 2015ರಲ್ಲಿ ಜ್ಯೂವೆಲ್ ಲಾಯ್ಡ್ ಮೂರೇ ವರ್ಷಕ್ಕೆ ನೋತ್ರ್ ದೇಮ್ ವಿಶ್ವವಿದ್ಯಾಲಯ ಬಿಟ್ಟು ಮೊದಲ ಆಯ್ಕೆಯಾದರು. ಅವರು ಹುಟ್ಟಿದ್ದು 1993ರ ಅಕ್ಟೋಬರ್ 5. ಮೂರು ತಿಂಗಳು ತಡವಾಗಿ ಹುಟ್ಟಿದ್ದರೆ ಅವರಿಗೆ ಇನ್ನೊಂದು ವರ್ಷ ಕಾಲೇಜೇ ಆಗುತ್ತಿತ್ತು.